ಕೊರಳಪಟ್ಟಿ

ಮೂರನೆಯ ಬಿಲ್ಲೆ ಅಂಟಿಸುವ ಹೊತ್ತಿಗೆ ಒಲೆಯ ಮೇಲಿನ ಕುಕ್ಕರು ಎರಡನೆಯ ಸಲ ಕೂಗಿತು. ಮಹಾದೇವಿ ಕಿವಿಯನ್ನಷ್ಟೇ ಆ ಕಡೆ ಕೊಟ್ಟಳು, ಕೈ ತೆಗೆಯಲಿಲ್ಲ. ಈ ಬಿಲ್ಲೆ ಗಂಡನ ಗಂಟಲಮಣಿಯಿಂದ ಎರಡು ಬೆರಳು ಎಡಕ್ಕೆ, ದವಡೆಯ ಮೂಳೆಯ ಕೆಳಗೆ ಸರಿಯಾಗಿ ಕೂರಬೇಕು. ಸ್ವಲ್ಪ ಅತ್ತಿತ್ತ ಆದರೂ ದಿನವಿಡೀ ಯಂತ್ರ ತೊದಲುತ್ತದೆ. ಹಿಂದಿನ ಸಂಜೆಯೇ ಅವನ ಗಡ್ಡ ಬೋಳಿಸಿ, ಬಿಲ್ಲೆ ಕೂರುವ ಎಂಟು ಜಾಗಗಳಿಗೆ ಪೆನ್ನಿನಿಂದ ಚುಕ್ಕಿ ಇಟ್ಟಿದ್ದಳು. ಒಂದೊಂದಕ್ಕೂ ಕಡಲೆಕಾಳಿನಷ್ಟು ಲೇಪ ಹಚ್ಚಿ, ಬಿಲ್ಲೆ ಒತ್ತಿ, ಹತ್ತು ಎಣಿಸಿ ಮುಂದಿನದಕ್ಕೆ ಹೋಗುವುದು. ಎಂಟೂ ಆದ ಮೇಲೆ ಕರಿಯ ಕೊರಳಪಟ್ಟಿ ಕಟ್ಟಿ, ಟಿವಿಯ ಕೆಳಗಿನ ಡಬ್ಬಿಯ ಗುಂಡಿ ಒತ್ತಿದಳು.

ಟಿವಿಯ ಸ್ಪೀಕರು ಒಂದಷ್ಟು ಕರಕರ ಅಂದು ಸುಮ್ಮನಾಯಿತು. ಆಮೇಲೆ ಗಂಡನ ಮಾತು ಬಂತು.

"ನೀರು ಬಂತೇನು?"

"ಬಂದಿಲ್ರಿ. ನಾಳಿಗೆ ನಮ್ಮ ಪಾಳಿ."

"ನಾಳಿ ಅಲ್ಲ. ಇವತ್ತು. ಆ ಹೊಸಾ ಹುಡುಗಗ ವಾಲ್ ತಿರುವಾಕ ಬರೂದಿಲ್ಲ."

ಮಹಾದೇವಿಗೆ ನಗು ಬಂತು. ಗುರುಸಿದ್ದಪ್ಪ ಇಪ್ಪತ್ತಾರು ವರ್ಷ ಹುಬ್ಬಳ್ಳಿಯ ಓಣಿ ಓಣಿಗೆ ನೀರು ಬಿಡುವ ಕೆಲಸ ಮಾಡಿದವನು. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗಿಟ್ಟು ಹೊರಟನೆಂದರೆ ಬಾಗಿಲು ಬಾಗಿಲಿನಿಂದ "ಸಿದ್ದಣ್ಣಾ, ನಮ್ಮ ಕಡೆ ಯಾವಾಗ?" ಎಂದು ಕೂಗು ಬರುತ್ತಿತ್ತು. ಊರಿಗೆಲ್ಲ ಮಾತು ಕೊಟ್ಟು ಮನೆಗೆ ಬಂದವನು ಮನೆಯಲ್ಲಿ ಸುಮ್ಮನಿರುತ್ತಿದ್ದ. ಮೂರು ವರ್ಷದ ಹಿಂದೆ ಆ ಕೀಲಿ ಕೈಯಿಂದ ಜಾರಿಬಿತ್ತು. ಮಿದುಳಿನ ಆಜ್ಞೆ ಸ್ನಾಯುಗಳಿಗೆ ಮುಟ್ಟದಂತೆ ಮಾಡುವ ರೋಗ. ಕೈ ಹೋಯಿತು, ಕಾಲು ಹೋಯಿತು, ನಾಲಿಗೆ ಹೋಯಿತು. ತಲೆಯೊಳಗೆ ಮಾತ್ರ ಎಲ್ಲ ನೆಟ್ಟಗಿತ್ತು. ಕಣ್ಣು ಉಳಿದಿತ್ತು. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ.

"ಇವತ್ತ ಮಹಾನವಮಿ," ಎಂದಳು ಮಹಾದೇವಿ. "ಇರ್ಶಾದನ ಅಂಗಡಿಯೊಳಗ ಖಂಡೇಪೂಜಿ ಐತಿ. ಮೌನಿನ ಒಯ್ತೀನಿ. ಒಂದs ತಾಸು."

"ಅದನ್ನ ಒಯ್ದರ ನಾ ಮಾತಾಡೂದು ಎದರಿಂದ?"

"ಒಂದ ತಾಸು ಮೊದಲಿನಂಗ ಸುಮ್ಮನಿರ್ರಿ. ರೂಢಿ ಐತೆಲ್ಲ ನಿಮಗ."

ಯಂತ್ರಕ್ಕೆ ನಗಲು ಬರುತ್ತಿರಲಿಲ್ಲ. ಅವನ ಕಣ್ಣ ಅಂಚು ಮಾತ್ರ ಕಿರಿದಾಯಿತು. "ಲಗೂನ ಬಾ," ಎಂದಿತು ಸ್ಪೀಕರು.

ಪಕ್ಕದ ಮನೆಯ ನೀಲವ್ವನನ್ನು ಅವನ ಬಳಿ ಕೂರಿಸಿ, ಡಬ್ಬಿಯನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು, ಮಹಾದೇವಿ ಆಟೋ ಹತ್ತಿದಳು.

*

ಆ ಡಬ್ಬಿಗೆ ಕಂಪನಿ ಇಟ್ಟ ಹೆಸರು ಬೇರೆ. ಈ ಕಡೆ ಅದು ಮೌನಿ ಎಂದೇ ಹೆಸರಾಯಿತು. ಹಿಂದಿನ ಆಟದ ಯಂತ್ರಗಳಿಗೆ ಕೈಯಲ್ಲಿ ಹಿಡಿಯುವ ಗುಂಡಿಗಳಿದ್ದವು. ಮೌನಿಗೆ ಕೊರಳಪಟ್ಟಿ ಬಂತು. ನಾವು ಒಂದು ಮಾತನ್ನು ಬಾಯಿ ತೆರೆಯದೆ ಮನಸ್ಸಿನಲ್ಲೇ ಅಂದುಕೊಂಡರೂ ಕೊರಳಿನ ನರಗಳಲ್ಲಿ ಅದರ ಸಣ್ಣ ಮಿಡಿತ ಇರುತ್ತದಂತೆ. ಪಟ್ಟಿ ಅದನ್ನು ಹಿಡಿಯುತ್ತಿತ್ತು. "ರನ್" ಅಂದುಕೊಂಡರೆ ಪರದೆಯ ಮೇಲಿನ ವೀರ ಓಡುತ್ತಿದ್ದ, "ಜಂಪ್" ಅಂದುಕೊಂಡರೆ ಹಾರುತ್ತಿದ್ದ. ಇಂಥ ನಲವತ್ತು ಇಂಗ್ಲಿಷ್ ಆಜ್ಞೆಗಳು. ಸಂಜೆಯಾದರೆ ಓಣಿಯ ಮಕ್ಕಳು ಕೊರಳಿಗೆ ಪಟ್ಟಿ ಕಟ್ಟಿಕೊಂಡು ತುಟಿ ಬಿಗಿದು ಕೂರುವುದನ್ನು ನೋಡಿ ತಾಯಂದಿರು, ಇದು ಆಟವೋ ತಪಸ್ಸೋ ಎಂದು ನಗುತ್ತಿದ್ದರು.

ಪಟ್ಟಿಗೆ ಕೇಳಿಸುತ್ತಿದ್ದುದು ನಲವತ್ತಕ್ಕಿಂತ ಎಷ್ಟೋ ಹೆಚ್ಚು. ಯಾವ ಭಾಷೆಯ ಯಾವ ಮಾತಾದರೂ ಅದರೊಳಗೆ ಬರುತ್ತಿತ್ತು. ಕಂಪನಿ ನಲವತ್ತನ್ನು ಮಾತ್ರ ಹೊರಬಿಟ್ಟು ಉಳಿದದ್ದಕ್ಕೆ ಬೀಗ ಹಾಕಿತ್ತು. ಆಸ್ಪತ್ರೆಯವರು ಬಳಸುವ ಇಂಥ ಯಂತ್ರ ಬೇರೆ ಇತ್ತು, ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಅದಕ್ಕಾಗಿ ಹೆಸರು ಬರೆಸಿದ್ದರೂ ಪಾಳಿ ಬರಲು ಇನ್ನೂ ಎರಡು ವರ್ಷವಿತ್ತು.

ಆ ಬೀಗದ ಹಿಂದೆ ಬಿದ್ದವನು ಇರ್ಶಾದ್ ಮಕಾನದಾರ. ದುರ್ಗದಬೈಲಿನ ಹತ್ತಿರ ಅವನಪ್ಪನ ಕಾಲದ ವಿಡಿಯೋ ಗೇಮ್ ಪಾರ್ಲರು. ಅದು ಮುಚ್ಚಿದ ಮೇಲೆ ಅಲ್ಲೇ ರಿಪೇರಿ ಅಂಗಡಿ. ಐವತ್ತು ದಾಟಿದ್ದರೂ ಆಟದ ಹುಚ್ಚು ಬಿಟ್ಟಿರಲಿಲ್ಲ. ತನ್ನ ಬಾಲ್ಯದ ಆಟಗಳನ್ನು ಮೌನಿಯಲ್ಲಿ ಆಡಬೇಕು, ಅಷ್ಟೇ ಅವನ ಆಸೆ. ಜೊತೆಗೆ ಕುಸುಮಾ ಕುಲಕರ್ಣಿ ಟೀಚರು, ಗಣಿತ ಕಲಿಸಿ ನಿವೃತ್ತರಾದವರು. "ಪದಬಂಧ ಬಿಡಿಸಿ ಬಿಡಿಸಿ ಬ್ಯಾಸರಾತು, ಈಗ ಇದು," ಎನ್ನುತ್ತಿದ್ದರು. ಮಹಾದೇವಿ ಇವರ ನಡುವೆ ಸೇರಿದ್ದು ಕೈಗುಣದಿಂದ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಹಸಿರು ಹಲಗೆಗಳ ಮೇಲೆ ಬೆಸುಗೆ ಹಾಕಿದವಳು. ಕೂದಲಿಗಿಂತ ತೆಳ್ಳನೆಯ ತಂತಿಯನ್ನು ಸಾಸಿವೆಗಿಂತ ಸಣ್ಣ ಕಾಲಿಗೆ ಕೂರಿಸುವುದು ಊರಲ್ಲಿ ಇನ್ನಾರಿಂದಲೂ ಆಗದು ಎಂದು ಇರ್ಶಾದ್ ಹುಡುಕಿಕೊಂಡು ಬಂದಿದ್ದ.

ಉಪಾಯ ಕೇಳಲು ಸರಳ. ಡಬ್ಬಿ ಶುರುವಾಗುವಾಗ ಅದರ ಮುಖ್ಯ ಚಿಪ್ಪು, ಇದು ಕಂಪನಿಯದೇ ಪ್ರೋಗ್ರಾಮು ಹೌದೋ ಅಲ್ಲವೋ ಎಂದು ಒಂದು ಸಲ ಪರೀಕ್ಷಿಸುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಕಣ್ಣು ಮಿಟುಕಿಸುವುದರ ಲಕ್ಷದ ಒಂದು ಪಾಲು ಹೊತ್ತು ಕರೆಂಟು ಇಳಿಸಿದರೆ ಚಿಪ್ಪಿಗೆ ತಲೆ ತಿರುಗಿದಂತಾಗಿ ಪರೀಕ್ಷೆಯನ್ನೇ ದಾಟಿ ಮುಂದೆ ಹೋಗುತ್ತದೆ. ಯಾವ ಗಳಿಗೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಅಂಗಡಿಯ ಅಟ್ಟದ ಮೇಲೆ ನಲವತ್ತು ದಿನ, ದಿನಕ್ಕೆ ನೂರಾರು ಸಲ ಪ್ರಯತ್ನಿಸಿದರು. ಮೂರು ಡಬ್ಬಿ ಸತ್ತವು. ನಲವತ್ತೊಂದನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಕಂಪನಿಯ ಗುರುತಿನ ಬದಲು ಕುಸುಮಾ ಟೀಚರು ಬರೆದಿಟ್ಟ "ಶ್ರೀ" ಮೂಡಿತು. ಇರ್ಶಾದ್ ಕುರ್ಚಿಯ ಮೇಲೆ ಹತ್ತಿ ಕುಣಿದ.

ಮಹಾದೇವಿ ಕುಣಿಯಲಿಲ್ಲ. "ಟೀಚರ, ಈಗ ಇದಕ್ಕ ಕನ್ನಡ ಕಲಸಬಹುದೇನ್ರಿ?" ಎಂದು ಕೇಳಿದಳು. ಅಲ್ಲಿಂದ ಮುಂದೆ ಹಳೆಯ ಆಟಗಳ ವಿಚಾರ ಯಾರೂ ತೆಗೆಯಲಿಲ್ಲ.

ಮೊದಲು ಒಂದು ಗಟ್ಟಿ ಕೊರಳಿನಿಂದ ಕಲಿಸಬೇಕಿತ್ತು. ಮಹಾದೇವಿಯೇ ಪಟ್ಟಿ ಕಟ್ಟಿಕೊಂಡಳು. ಟೀಚರು ಒಂದೊಂದೇ ಶಬ್ದ ತೋರಿಸುವುದು, ಅವಳು ಮನಸ್ಸಿನಲ್ಲಿ ಅಂದುಕೊಳ್ಳುವುದು. ಹೀಗೆ ಹದಿನೈದು ದಿನ. ಗಂಡನ ಹೆಸರು ಬಂದಾಗ ಯಂತ್ರ ಏನನ್ನೂ ಹಿಡಿಯಲಿಲ್ಲ. ಅವಳ ಕೊರಳು ಆ ಹೆಸರನ್ನು ಎಂದೂ ಅಂದುಕೊಂಡೇ ಇರಲಿಲ್ಲ. "ಇವರು" ಎನ್ನುವುದಷ್ಟೇ ಅದಕ್ಕೆ ಗೊತ್ತು.

"ಒಡಪು ಹಾಕಿ ಹೇಳ್ರಿ ಅಕ್ಕಾರ," ಎಂದು ಇರ್ಶಾದ್ ಕೆಣಕಿದ. "ಲಗ್ನದಾಗ ಹೇಳಿದ್ದಿಲ್ಲೇನು?"

ಮಹಾದೇವಿ ನಾಚಿದಳು, ಆಮೇಲೆ ಅಲ್ಲೇ ಕಟ್ಟಿ ಹೇಳಿಯೂಬಿಟ್ಟಳು. "ಹಸರ ಹಲಗಿ ಮ್ಯಾಲ ಹೊಳೀತು ಬೆಸುಗಿ ಚಿಕ್ಕಿ, ಗುರುಸಿದ್ದಪ್ಪನವರ ಹೆಸರ ಹೇಳಿದ್ರ ಕೂಗೀತು ಅಟ್ಟದ ಹಕ್ಕಿ." ಯಂತ್ರ ತಪ್ಪಿಲ್ಲದೆ ಹಿಡಿಯಿತು. ಟೀಚರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ನಗುವಾದ ಮೇಲೆ ಆ ಇಬ್ಬರೂ ಯಾವುದೋ ಸಂಖ್ಯೆಯ ಬಗ್ಗೆ ವಾದಕ್ಕಿಳಿದರು. ಮಹಾದೇವಿ ಸುಮ್ಮನೆ ಕೂತಿದ್ದಳು, ಪಟ್ಟಿ ಕೊರಳಲ್ಲೇ ಇತ್ತು.

"ಇಬ್ರೂ ಬಾಯಿ ಮುಚ್ಚರಿ," ಎಂದಿತು ಸ್ಪೀಕರು.

ಇರ್ಶಾದ್ ಗಹಗಹಿಸಿದ. "ಅಕ್ಕಾರ, ಸಿಕ್ಕಬಿದ್ರಿ!"

"ಹಾಲ ಒಲಿ ಮ್ಯಾಲ ಇಟ್ಟ ಬಂದೀನಿ," ಎಂದಿತು ಮತ್ತೆ. "ನನಗ ಸಾಕಾಗೇತಿ. ಯಾರರ ಒಬ್ರು ನನ್ನ ಕೇಳ್ರಿ. ನನಗ ಸಾಕಾಗೇತಿ."

ಟೀಚರು ಎದ್ದು ಬಂದು ಪಟ್ಟಿ ಬಿಚ್ಚಿದರು. ಮಹಾದೇವಿಗೆ ಆಶ್ಚರ್ಯವಾಗಿತ್ತು, ಆ ಮಾತು ತನ್ನ ಗಂಟಲ ತನಕ ಬಂದು ದಿನಕ್ಕೆ ಎಷ್ಟು ಸಲ ವಾಪಸು ಹೋಗುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಮರುದಿನ ಟೀಚರು ಪ್ರೋಗ್ರಾಮು ತಿದ್ದಿದರು. ಹೇಳಲೇಬೇಕೆಂದು ಒತ್ತಿ ಅಂದುಕೊಂಡ ಮಾತಷ್ಟೇ ಹೊರಗೆ ಬರುವಂತಾಯಿತು. ಆ ಬಗ್ಗೆ ಮೂವರೂ ಮತ್ತೆ ಮಾತಾಡಲಿಲ್ಲ.

ಆಮೇಲೆ ಪಟ್ಟಿ ಗುರುಸಿದ್ದಪ್ಪನ ಕೊರಳಿಗೆ ಬಂತು. ಒಂದೂವರೆ ವರ್ಷದ ಮೇಲೆ ಅವನಾಡಿದ ಮೊದಲ ಮಾತು, "ದಿಂಬು ಸರಸು." ಆ ಒಂದೂವರೆ ವರ್ಷ ಅವಳು ಅದೇ ದಿಂಬನ್ನು, ಅವನಿಗೆ ಹೀಗೇ ಹಿತವೆಂದು ಊಹಿಸಿ, ತಪ್ಪಾಗಿಯೇ ಇಡುತ್ತ ಬಂದಿದ್ದಳು.

*

ಹತ್ತು ತಿಂಗಳಲ್ಲಿ ಮಾತು ಕಳಕೊಂಡ ಇನ್ನೂ ಐದು ಮನೆಗಳಿಗೆ ಇರ್ಶಾದ್ ಇಂಥ ಡಬ್ಬಿ ಮಾಡಿಕೊಟ್ಟಿದ್ದ. ಮಹಾನವಮಿಗೆ ಆರೂ ಅಂಗಡಿಗೆ ಬಂದವು. ಅವನಪ್ಪನ ಕಾಲದಿಂದಲೂ ಆ ಅಂಗಡಿಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆ ತಪ್ಪಿರಲಿಲ್ಲ. ಪೂಜೆಗೆ ಟೀಚರು, ಚೆಂಡುಹೂವಿಗೆ ಇರ್ಶಾದನ ಹೆಂಡತಿ, ಪೇಢಾಕ್ಕೆ ಇರ್ಶಾದ್. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆರೂ ಡಬ್ಬಿ ಸಾಲಾಗಿ ಇಟ್ಟರು. ಬೆಸುಗೆಕಡ್ಡಿ, ಇಕ್ಕಳ, ಮಸೂರ ಎಲ್ಲಕ್ಕೂ ಕುಂಕುಮ ಹತ್ತಿತು.

"ಯಂತ್ರದ ಪೂಜಿ ಅಂದ್ರ ಯಂತ್ರ ನಡೀತಿರಬೇಕು," ಎಂದ ಇರ್ಶಾದ್. ಅದೂ ಆ ಅಂಗಡಿಯ ಪದ್ಧತಿ. ಪಾರ್ಲರಿದ್ದ ಕಾಲದಲ್ಲಿ ಪೂಜೆಯ ಹೊತ್ತಿಗೆ ಎಲ್ಲ ಪರದೆಗಳೂ ಒಟ್ಟಿಗೆ ಬೆಳಗುತ್ತಿದ್ದವು.

"ಒಂದs ಖೋಲಿಯೊಳಗ ಎರಡು ಹಚ್ಚಬಾರದು ಅಂತ ನಾವs ನೇಮ ಮಾಡೀವಲ್ಲೋ," ಎಂದರು ಟೀಚರು. ನೇಮಕ್ಕೆ ಕಾರಣವಿತ್ತು. ಮೌನಿಗಳು ಹತ್ತಿರ ಹತ್ತಿರ ಇದ್ದಾಗ ಕಂಪನಿಯ ಹೊಸ ತಿದ್ದುಪಡಿಯನ್ನು ಒಂದರಿಂದ ಒಂದು ತಾವಾಗಿಯೇ ಪಡೆಯುತ್ತಿದ್ದವು, ಇಂಟರ್ನೆಟ್ ಬೇಕಿರಲಿಲ್ಲ. ಪಟ್ಟಿ ಮತ್ತು ಡಬ್ಬಿ ಮಾತಾಡಿಕೊಳ್ಳುವುದೂ ಅದೇ ಅಲೆಯಲ್ಲಿ, ಆದ್ದರಿಂದ ಅದನ್ನು ಕಿತ್ತುಹಾಕುವಂತಿರಲಿಲ್ಲ. ಅದರ ಆಟ ಒಂದು ಕೋಣೆಯಷ್ಟೇ, ಗೋಡೆ ದಾಟುತ್ತಿರಲಿಲ್ಲ.

"ಆರೂ ನಮ್ಮವ ಅದಾವಲ್ರಿ. ಯಾವುದರಾಗೂ ತಿದ್ದುಪಡಿ ಇಲ್ಲ. ಒಂದಕ್ಕೊಂದು ಏನ ಕೊಟ್ಟಾವು?" ಎಂದ ಇರ್ಶಾದ್. ಅದು ಸರಿಯೇ ಅನ್ನಿಸಿತು. ಒಂದೊಂದಾಗಿ ಆರೂ ಹಸಿರು ದೀಪ ಹತ್ತಿದವು.

ಆರತಿ ಎತ್ತುವಾಗ ಮಹಾದೇವಿಯ ಕಣ್ಣು ಕಪಾಟಿನ ಮೇಲೆ ಹೋಯಿತು. ಏಳನೆಯ ಮೌನಿಯೊಂದು ಅಲ್ಲಿತ್ತು. ಹಿಂದಿನ ದಿನ ಯಾರೋ ಪಟ್ಟಿಯ ಕೊಂಡಿ ಮುರಿದಿದೆಯೆಂದು ರಿಪೇರಿಗೆ ಕೊಟ್ಟುಹೋದದ್ದು. ಹೂವಿಲ್ಲ, ಕುಂಕುಮವಿಲ್ಲ. ಊಟದ ಪಂಕ್ತಿಯಲ್ಲಿ ಒಂದು ಎಲೆಗೆ ಬಡಿಸದೆ ಮುಂದೆ ಹೋದಂತೆ ಅವಳ ಕೈ ತಡೆಯಿತು. ಮದುವೆಯಾಗಿ ಬಂದಾಗಿನಿಂದ ಯಾವ ಪೂಜೆಯಲ್ಲೂ ಬಾಗಿಲ ಹಿಂದಿನ ಕಸಬರಿಗೆಯನ್ನೂ ಬಿಟ್ಟವಳಲ್ಲ ಅವಳು.

"ಇದೊಂದs ಯಾಕ ಬಿಡೂದು, ಹಬ್ಬದ ದಿನ," ಎಂದು ಅದನ್ನು ತಂದು ಸಾಲಿನ ಕೊನೆಗಿಟ್ಟಳು, ಕುಂಕುಮ ಹಚ್ಚಿದಳು, ಹೂ ಏರಿಸಿದಳು. ತಂತಿ ಸಿಕ್ಕಿಸಿ ಗುಂಡಿಯನ್ನೂ ಒತ್ತಿದಳು. ಟೀಚರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಇರ್ಶಾದ್ ತೆಂಗಿನಕಾಯಿ ಒಡೆಯಲು ಹೊರಗೆ ಹೋಗಿದ್ದ.

ಆರತಿ ಮುಗಿಯುವಷ್ಟರಲ್ಲಿ ಮೊದಲ ಡಬ್ಬಿಯ ಹಸಿರು ದೀಪ ಬೆಳ್ಳಗಾಯಿತು. ಆಮೇಲೆ ಎರಡನೆಯದು. ತೆಂಗಿನಕಾಯಿಯ ಹೋಳು ಹಿಡಿದು ಒಳಗೆ ಬಂದ ಇರ್ಶಾದ್ ಅದನ್ನು ಕೆಳಕ್ಕೆ ಹಾಕಿ, ಪ್ಲಗ್ಗಿನ ಪಟ್ಟಿಯನ್ನೇ ಗೋಡೆಯಿಂದ ಕಿತ್ತ. ಕಿತ್ತಾಗ ಆರೂ ಬೆಳ್ಳಗಾಗಿದ್ದವು.

"ಏಳನೇದ್ದನ್ನ ಯಾರು ಹಚ್ಚಿದ್ರು?" ಎಂದು ಕೇಳಿದ.

"ನಾನು," ಎಂದಳು ಮಹಾದೇವಿ.

ಅವನು ಅವಳ ಮುಖ ನೋಡಿದ, ಆಮೇಲೆ ಬಾಗಿ ಚೂರಾದ ಕಾಯಿ ಆರಿಸತೊಡಗಿದ.

ಏಳನೆಯದರಿಂದ ಆರಕ್ಕೂ ಹರಿದ ಆ ತಿದ್ದುಪಡಿ ಮೂರು ದಿನದ ಹಿಂದಷ್ಟೇ ಬಿಡುಗಡೆಯಾಗಿತ್ತು. ಅದರಲ್ಲಿ ಕಂಪನಿ ಕರೆಂಟು ಇಳಿಸುವ ದಾರಿಯನ್ನು ಮುಚ್ಚಿತ್ತು. ಬರೀ ಪ್ರೋಗ್ರಾಮಿನಿಂದಲ್ಲ; ಚಿಪ್ಪಿನ ಒಳಗೆ ಒಂದು ಎಳೆಯನ್ನೇ ಸುಟ್ಟುಬಿಡುತ್ತಿತ್ತು. ಒಮ್ಮೆ ಸುಟ್ಟರೆ ಚಿಪ್ಪು ಹಳೆಯದಕ್ಕೆ ಮರಳುವುದಿಲ್ಲ. "ಆ ಎಳಿ ಬೆಸೀಲಿಕ್ಕೆ ಬರೂದಿಲ್ಲೇನು? ನಾ ಬೆಸೀತೀನಿ," ಎಂದಳು ಮಹಾದೇವಿ. ಟೀಚರು ಅವಳ ಕೈ ಹಿಡಿದುಕೊಂಡರು. "ಅದು ಕೂದಲಿಗಿಂತ ಸಾವಿರ ಪಾಲು ಸಣ್ಣದು, ಮಾದೇವಿ. ಯಾರ ಕೈಲೂ ಆಗೂದಿಲ್ಲ."

*

ಮನೆಗೆ ಬಂದು, ನೀಲವ್ವನನ್ನು ಕಳಿಸಿ, ಮಹಾದೇವಿ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಹಚ್ಚಿದಳು. ಪಟ್ಟಿ ಅವನ ಕೊರಳಲ್ಲೇ ಇತ್ತು. ಪರದೆಯ ಮೇಲೆ ಕತ್ತಿ ಹಿಡಿದ ವೀರನೊಬ್ಬ ಬಂದು ನಿಂತ. ಹಿಂದೆ ಬೆಟ್ಟ, ಮುಂದೆ ಮುರಿದ ಸೇತುವೆ. ವೀರ ಉಸಿರಾಡುತ್ತ, ಭುಜ ಏರಿಳಿಸುತ್ತ ಆಜ್ಞೆಗೆ ಕಾಯತೊಡಗಿದ.

ಗುರುಸಿದ್ದಪ್ಪ ಪರದೆ ನೋಡಿದ, ಹೆಂಡತಿಯನ್ನು ನೋಡಿದ.

"ನನ್ನಿಂದ ಆತು," ಎಂದು ಆಕೆ ಎಲ್ಲವನ್ನೂ ಹೇಳಿದಳು. ಕುಂಕುಮದಿಂದ ಹಿಡಿದು ಗುಂಡಿಯ ತನಕ. ಅವನ ಕಣ್ಣು ಅಲುಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲು ಬೇಕಾದ ದಾರಿಯನ್ನೇ ತಾನು ಸುಟ್ಟು ಬಂದಿದ್ದಳು. ಅವನು ಒಮ್ಮೆಯೂ ಆ ವೀರನನ್ನು ಓಡಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಟಿವಿ ಆರಿಸಿದಳು.

ಮರುದಿನ ಓಣಿಯವರು ಬನ್ನಿ ಕೊಡಲು ಬಂದರು. ಬಂಗಾರದಂಗ ಇರೋಣ ಎಂದು ಅವನ ಅಲುಗದ ಬೆರಳುಗಳ ನಡುವೆ ಎಲೆ ಸಿಕ್ಕಿಸಿದರು. "ಯಾಕ ಸಿದ್ದಣ್ಣ ಇವತ್ತ ಮಾತಿಲ್ಲ?" ಎಂದರು. "ಯಂತ್ರ ರಿಪೇರಿಗೆ ಐತ್ರಿ," ಎಂದಳು.

ಕಂಪನಿಗೆ ಆರೂ ಮನೆಯವರ ಸಹಿಯಿಟ್ಟು ಪತ್ರ ಬರೆದರು. ಎರಡು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಆಟದ ಆನಂದವೇ ನಮ್ಮ ಗುರಿ, ಹೊಸ ಹಬ್ಬದ ಆಟಗಳನ್ನು ನೋಡಿದಿರಾ, ಎಂದಿತ್ತು. ಮತ್ತೆ ಬರೆದರು. ಅದೇ ಉತ್ತರ. ತಿದ್ದುಪಡಿ ಹತ್ತದ ಮೌನಿ ಊರೆಲ್ಲ ಹುಡುಕಿದರೂ ಒಂದೂ ಸಿಗಲಿಲ್ಲ.

ಹದಿನೈದು ದಿನ ಬಿಟ್ಟು ಇರ್ಶಾದ್ ಮತ್ತು ಟೀಚರು ಅವಳನ್ನು ಅಟ್ಟಕ್ಕೆ ಕರೆದರು. ಮೇಜಿನ ಮೇಲೆ ಬಿಚ್ಚಿಹಾಕಿದ ಡಬ್ಬಿಗಳು. ಇರ್ಶಾದನ ಕಣ್ಣು ಗುಳಿಬಿದ್ದಿತ್ತು.

"ಹೊಸಾ ದಾರಿ ಸಿಗತೈತ್ರಿ ಅಕ್ಕಾರ. ಯಾವ ಬೀಗಾನೂ ಕಾಯಂ ಇರೂದಿಲ್ಲ. ಆದರ ಒಂದ ವರ್ಷ ಬೇಕಾದೀತು, ಎರಡೂ ಆದೀತು."

ಟೀಚರು ಒಂದು ಹಾಳೆ ಸರಿಸಿದರು. ಹತ್ತು ತಿಂಗಳಲ್ಲಿ ಗುರುಸಿದ್ದಪ್ಪನ ಕೊರಳಿನ ಮಿಡಿತ ಎಷ್ಟೆಷ್ಟಿತ್ತು ಎಂಬ ಗೆರೆ. ಗೆರೆ ಮೇಲಿನಿಂದ ಕೆಳಗೆ ಇಳಿಯುತ್ತ ಹೋಗಿತ್ತು. ಅದು ತಳ ಮುಟ್ಟುವ ಜಾಗ ಹಾಳೆಯ ಮೇಲೇ ಇತ್ತು; ಬರುವ ಯುಗಾದಿಯ ಆಸುಪಾಸು.

"ಹಂಗಂದ್ರ ಬೀಗ ತೆಗಿಯೂದ್ರೊಳಗ..." ಎಂದಳು ಮಹಾದೇವಿ.

"ಅದಕ್ಕs ಇನ್ನೊಂದು ಹೇಳಬೇಕಾಗೇದ," ಎಂದರು ಟೀಚರು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ. "ಮಿಡಿತ ಸಣ್ಣದಾದಂಗ ಯಂತ್ರಕ್ಕ ಅರ್ಧ ಮಾತು ಕೇಳಸ್ತಿತ್ತು, ಅರ್ಧ ಕೇಳಸ್ತಿದ್ದಿಲ್ಲ. ಕೇಳಸದ್ದನ್ನ ಊಹಾ ಮಾಡಲಿ ಅಂತ ನಾ ಪ್ರೋಗ್ರಾಮು ಬರದಿದ್ದೆ. ಅವರು ಮೊದಲ ಹೆಂಗ ಮಾತಾಡ್ಯಾರ ಅನ್ನೂದು ನೋಡಿ ತುಂಬತಿತ್ತು. ಹೋದ ತಿಂಗಳದಾಗ ಅರ್ಧಕ್ಕಿಂತ ಹೆಚ್ಚು ಊಹಾನs ಆಗಿತ್ತು. ನಿನಗ ಹೇಳಿದ್ದಿಲ್ಲ. ಖುಷಿ ಇದ್ದೀ ಅಂತ ಬಿಟ್ಟೆ."

ಮಹಾದೇವಿಗೆ ಒಂದು ಮಾತು ನೆನಪಾಯಿತು. ಹೋದ ತಿಂಗಳು ಒಂದು ಸಂಜೆ, ಪಟ್ಟಿಯ ಅಂಚಿಗೆ ಹರಿದ ಲೇಪ ಒರೆಸುತ್ತಿದ್ದಾಗ, ಆ ಸ್ಪೀಕರು ಹೇಳಿತ್ತು: "ನಿನ್ನ ಕೈ ಬಿಸಿ ಐತಿ. ಹಂಗs ಇಡು." ಮೂವತ್ತೊಂದು ವರ್ಷದ ಸಂಸಾರದಲ್ಲಿ ಗಂಡ ಅಂಥದೊಂದು ಮಾತು ಆಡಿದ್ದು ಅದೇ ಮೊದಲು. ಅವಳು ಯಾರಿಗೂ ಹೇಳಿರಲಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಒಣಹಾಕುವಾಗ ಅದನ್ನು ತೆಗೆತೆಗೆದು ನೋಡಿಕೊಂಡಿದ್ದಳು.

"ಈಗ ಆ ಊಹಾ ಮಾಡೂ ಪ್ರೋಗ್ರಾಮು ಕಂಪ್ಯೂಟರದಾಗ ಹಂಗs ಐತಿ," ಎಂದ ಇರ್ಶಾದ್. "ಅದಕ್ಕ ಮೌನಿ ಬ್ಯಾಡ, ಕೊರಳಪಟ್ಟಿ ಬ್ಯಾಡ. ನಾವು ಕೇಳಿದ್ದಕ್ಕ ಸಿದ್ದಣ್ಣ ಏನಂತಿದ್ರೋ ಅದನ್ನs ಹೇಳತೈತಿ. ಮನೀಗೆ ಹಾಕಿ ಕೊಡ್ತೀನ್ರಿ. ನೀಲವ್ವಗ, ನಿಮ್ಮ ಪಲ್ಲವಿಗ ಏನೂ ಫರಕು ಕಾಣೂದಿಲ್ಲ. ಬ್ಯಾಡ ಅನಬ್ಯಾಡ್ರಿ. ನನಗ ನಿದ್ದಿ ಹತ್ತವಲ್ದು."

ಅವಳಿಗೆ ಬೇಡ ಎನ್ನಲಾಗಲಿಲ್ಲ. ತಪ್ಪು ತನ್ನದು, ನಿದ್ದೆಗೆಟ್ಟವನು ಅವನು.

*

ಪಲ್ಲವಿ ಅವರ ಒಬ್ಬಳೇ ಮಗಳು. ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಸಂಜೆ ಆರಕ್ಕೆ ಅಪ್ಪನ ಜೊತೆ ಮಾತಾಡುವುದು ರೂಢಿ. ಹದಿನೈದು ದಿನ ಯಂತ್ರ ರಿಪೇರಿಯಲ್ಲಿದೆ ಎಂದು ಕೇಳಿ ಕೇಳಿ ಸೋತಿದ್ದಳು. ಇರ್ಶಾದ್ ಕಂಪ್ಯೂಟರು ಹಾಕಿಹೋದ ಸಂಜೆಯೂ ಅವಳ ಫೋನು ಬಂತು.

"ಅಪ್ಪಾ, ಹೆಂಗಿದ್ದೀ?"

"ಆರಾಮ ಅದೀನಿ ಮಗಳ. ನಿಮ್ಮ ಕಡೆ ನೀರು ಬಂತೇನು?" ಎಂದಿತು ಸ್ಪೀಕರು.

ಫೋನಿನ ಆ ಕಡೆ ಪಲ್ಲವಿ ಕಿಲಕಿಲ ನಕ್ಕಳು. "ಅವ್ವಾ, ಕೇಳಿದೇನು? ಅಪ್ಪ ಅಂದ್ರ ಅಪ್ಪನs! ಹದಿನೈದು ದಿನ ಇದನ್ನ ಕೇಳಲಾರದs ಹುಚ್ಚ ಹಿಡದಿತ್ತು. ಅಪ್ಪಾ, ಇಲ್ಲಿ ಮೂರು ದಿನಾತು ಬಂದಿಲ್ಲ."

"ವಾಲ್ ತಿರುವಾಂವ ಹೊಸಾಂವ ಇರಬೇಕು."

ಅವಳು ಮತ್ತೆ ನಕ್ಕಳು. ಅಪ್ಪನೂ ಮಗಳೂ ಹತ್ತು ನಿಮಿಷ ಮಾತಾಡಿದರು. ಎಲ್ಲವೂ ಗುರುಸಿದ್ದಪ್ಪ ಆಡುವಂಥದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಮಹಾದೇವಿ ಮಂಚದ ಕಡೆ ತಿರುಗಿ ನೋಡಿದಳು.

ಅವನ ಕಣ್ಣು ಎರಡು ಸಲ ಮುಚ್ಚಿತು. ಮತ್ತೆ ಎರಡು ಸಲ. ಮತ್ತೆ ಎರಡು ಸಲ. ಅಲ್ಲ, ಅಲ್ಲ, ಅಲ್ಲ.

"ಅಪ್ಪಾ, ನನ್ನ ನೆನಪು ಬರತೈತೇನು?"

"ಬರತೈತಿ ಮಗಳ. ನೀ ಛಲೋ ಉಣ್ಣು, ಛಲೋ ಇರು," ಎಂದಿತು ಸ್ಪೀಕರು, ಸೊಗಸಾಗಿ, ಎಲ್ಲೂ ತೊದಲದೆ.

ಅವನ ಕಣ್ಣು ಮತ್ತೆ ಎರಡು ಸಲ ಮುಚ್ಚಿತು, ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅವಳು ಎದ್ದು ಸೆರಗಿನಿಂದ ಒರೆಸಿದಳು. ಅಲ್ಲ ಎಂದದ್ದು ನೆನಪು ಬರುತ್ತದೆ ಎಂಬುದಕ್ಕೋ, ಇದು ನಾನಲ್ಲ ಎಂಬರ್ಥದಲ್ಲೋ ಎಂದು ಕೇಳುವ ಹಾಗೂ ಇಲ್ಲ, ಫೋನು ಇನ್ನೂ ತೆರೆದಿತ್ತು. ಜೀವಂತ ಮನುಷ್ಯ ಮಂಚದ ಮೇಲೆ ಮಲಗಿ, ತನ್ನ ಮಗಳು ತನ್ನ ಹೆಸರು ಹೊತ್ತ ಇನ್ನಾರೊಡನೆಯೋ ಮಾತಾಡುವುದನ್ನು ಕೇಳುತ್ತಿದ್ದ. ಕೂಗಲು ಬಾಯಿಲ್ಲ. ಎದ್ದು ಹೋಗಲು ಕಾಲಿಲ್ಲ.

*

ಬೆಳಿಗ್ಗೆ ಅವನ ಮೈ ಒರೆಸಿ, ಬೆನ್ನಿಗೆ ಪುಡಿ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದಳು. ಕಂಪ್ಯೂಟರು ಹಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಕಣ್ಣಿಗೆ ನೇರವಾಗಿ ಕೂತಳು.

"ಒಂದು ಕೇಳ್ತೀನಿ. ಖರೇ ಹೇಳ್ರಿ."

ಕಣ್ಣು ಒಮ್ಮೆ ಮುಚ್ಚಿತು.

"ಹೋದ ತಿಂಗಳ ಒಂದಿನ, ನಿನ್ನ ಕೈ ಬಿಸಿ ಐತಿ, ಹಂಗs ಇಡು ಅಂದಿದ್ರಿ. ಅದು ನೀವs ಅಂದದ್ದೇನು?"

ಸುಳ್ಳು ಹೇಳುವುದು ಅವನಿಗೂ ಸುಲಭವಿತ್ತು, ಒಂದೇ ಸಲ ಕಣ್ಣು ಮುಚ್ಚಿದರೆ ಆಗುತ್ತಿತ್ತು. ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ.

ಎರಡು.

ಮಹಾದೇವಿ ತಲೆಯಾಡಿಸಿದಳು. "ಆತು," ಎಂದಳು. ಎದ್ದು ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದಳು.

ಬಂದಾಗ ಅವನ ಕಣ್ಣು ಕಿಟಕಿಯ ಪಕ್ಕದ ಗೋಡೆಗೆ ನೆಟ್ಟಿತ್ತು. ಅಲ್ಲಿ ಯಂತ್ರ ಬರುವುದಕ್ಕೆ ಮೊದಲು ಬಳಸುತ್ತಿದ್ದ ಅಕ್ಷರದ ಹಲಗೆ ಒರಗಿಸಿಟ್ಟಿತ್ತು. ಸಾಲು ಸಾಲಾಗಿ ಬೆರಳು ಆಡಿಸುವುದು, ಬೇಕಾದ ಸಾಲು ಬಂದಾಗ ಅವನು ಕಣ್ಣು ಮುಚ್ಚುವುದು, ಆಮೇಲೆ ಆ ಸಾಲಿನೊಳಗಿನ ಅಕ್ಷರ, ಆಮೇಲೆ ಅದರ ಕಾಗುಣಿತ. ಆಗ ಮೊದಲ ಅಕ್ಷರ ಬರುತ್ತಲೇ ಇಡೀ ಮಾತನ್ನು ಇವಳೇ ಹೇಳಿ ಮುಗಿಸುತ್ತಿದ್ದಳು: ನೀರು ಬೇಕೇನು, ಫ್ಯಾನ ಹಚ್ಚಲೇನು, ಮಗ್ಗಲಾಗಬೇಕೇನು. ಅವನಿಗೂ ದಣಿವಾಗಿ ಹೌದು ಎಂದು ಕಣ್ಣು ಮುಚ್ಚುತ್ತಿದ್ದ. ಎಷ್ಟು ಸಲ ಅದು ಹೌದಾಗಿತ್ತೋ.

ಹಲಗೆ ತಂದು ಮಡಿಲಲ್ಲಿ ನಿಲ್ಲಿಸಿಕೊಂಡಳು. ಬೆರಳು ಮೊದಲ ಸಾಲಿನಿಂದ ಹೊರಟಿತು. ಅವನ ರೆಪ್ಪೆ ಈಗ ಮೊದಲಿನಂತೆ ಚುರುಕಾಗಿರಲಿಲ್ಲ. ಮುಚ್ಚಿತೋ, ಬರೀ ನಡುಗಿತೋ ತಿಳಿಯದೆ ಮತ್ತೆ ಮತ್ತೆ ಮೊದಲಿನಿಂದ ಬರಬೇಕಾಯಿತು. ಒಂದು ಅಕ್ಷರಕ್ಕೆ ಕಾಲು ತಾಸು ಹಿಡಿಯಿತು. ಎರಡನೆಯದಕ್ಕೆ ಅದಕ್ಕಿಂತ ಹೆಚ್ಚು. ಹೊರಗೆ ಓಣಿಯಲ್ಲಿ ಕೊಡಗಳ ಸದ್ದು, ಹೆಂಗಸರ ಕೂಗಾಟ. ಅದಕ್ಕೂ ಅವನು ಕಣ್ಣು ತಿರುಗಿಸಲಿಲ್ಲ. ಮೂರನೆಯ ಅಕ್ಷರದ ಸಾಲು ಸಿಗುವ ಮೊದಲೇ ರೆಪ್ಪೆ ಭಾರವಾಗಿ ಇಳಿಯಿತು. ಅವನು ನಿದ್ದೆಹೋಗಿದ್ದ.

ಮಹಾದೇವಿಯ ಕೈಯಲ್ಲಿ ಎರಡು ಅಕ್ಷರ ಉಳಿದವು. ಅವುಗಳಿಂದ ಶುರುವಾಗಬಹುದಾದ ಮಾತುಗಳೆಲ್ಲ ಕರೆಯದೆಯೇ ಅವಳ ತಲೆಯೊಳಗೆ ಬಂದು ನಿಂತವು. ಕೆಲವು ಬರೀ ಹಾಸಿಗೆ, ಔಷಧಿಯ ಮಾತು. ಒಂದೆರಡು ಎದೆ ಹಿಂಡುವಂಥವು. ಅವಳಿಗೆ ಬೇಕಾದದ್ದೂ ಒಂದಿತ್ತು, ಎಲ್ಲಕ್ಕಿಂತ ಮುಂದೆ.

ಅಷ್ಟರಲ್ಲಿ ಫೋನು ಅಲುಗಿತು. ಇರ್ಶಾದ್.

"ಅಕ್ಕಾರ, ನಿನ್ನಿ ಹೆಂಗಾತ್ರಿ? ಪಲ್ಲವಿ ಗುರ್ತ ಹಿಡದಳೇನು?"

"ಇಲ್ಲಪಾ. ಭಾಳ ಖುಷಿ ಆದಳು."

"ಸಿದ್ದಣ್ಣ ಏನಂದ್ರು?"

"ಮಲಗ್ಯಾರ," ಎಂದಳು.

ಫೋನಿಟ್ಟು ಅವಳು ಕ್ಯಾಲೆಂಡರಿನ ಇವತ್ತಿನ ಮನೆಯಲ್ಲಿ ಆ ಎರಡು ಅಕ್ಷರ ಬರೆದಳು. ಮುಂದಿನದನ್ನು ಬರೆಯಲಿಲ್ಲ. ನಾಳೆ ಮೂರನೆಯದರಿಂದ ಕೇಳುವುದು. ಯುಗಾದಿಯ ಒಳಗೆ ಮುಗಿದರೆ ಮುಗಿಯಿತು, ಮುಗಿಯದಿದ್ದರೆ ಎಲ್ಲಿಗೆ ನಿಂತಿತೋ ಅಲ್ಲಿಗೇ ಅದು ಅವನ ಮಾತು. ಉಳಿದದ್ದನ್ನು ಯಂತ್ರವೂ ತುಂಬಬಾರದು, ತಾನೂ ತುಂಬಬಾರದು. ಸಂಜೆ ಆರಕ್ಕೆ ಪಲ್ಲವಿಯ ಫೋನು ಬರುತ್ತದೆ. ಆ ಕಂಪ್ಯೂಟರು ಮತ್ತೆ ಕೆಟ್ಟಿತು ಎನ್ನಬೇಕು, ದಿನಾಲೂ ಎನ್ನಬೇಕು. ಮಗಳು ಅಳುತ್ತಾಳೆ, ಇರ್ಶಾದ್ ಓಡಿಬರುತ್ತಾನೆ, ಸರಿಮಾಡಿಕೊಡುತ್ತೇನೆ ಎನ್ನುತ್ತಾನೆ. ಆಗಲೂ ಹೀಗೇ ಏನೋ ಒಂದು ಹೇಳಿದರಾಯಿತು.

ಅವನ ಕತ್ತು ವಾಲಿತ್ತು. ದಿಂಬಿಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಅವನು ಎದ್ದ ಮೇಲೆ ಯಾವ ಕಡೆಗೆ ಎಂದು ಕೇಳಿ ಸರಿಸೋಣವೆಂದು, ಕೈಯನ್ನಷ್ಟೇ ಕತ್ತಿಗೆ ಆಸರೆ ಕೊಟ್ಟು, ಮಂಚದ ಅಂಚಿನಲ್ಲಿ ಕೂತಳು.